ಲಾತೂರಿನ ವಕೀಲ ಖಾಸಿಂ ರಜ್ವಿ

ನಮ್ಮ ಬ್ಯಾಚಿನಲ್ಲಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದವರು ಸಿಇಟಿ ಅರ್ಜಿಯಲ್ಲಿ 371(ಜೆ) ಅನ್ನೋ ಕಾಲಂ ತುಂಬಿರ್ತಾರೆ. ಹಾವೇರಿ ಜಿಲ್ಲೆ ಹುಲಗೂರಿನ ನಂಗೆ ಅದು ಬರಲ್ಲ. ಹಾಸ್ಟೆಲ್‌ನಲ್ಲಿ ಇದರ ಮೇಲೆ ವಾದ ಆಗೋದು ಇದ್ದದ್ದೇ. ಆ ಕಾಲಂ ಯಾಕೆ ಬಂತು ಅಂತ ಕೇಳಿದ್ರೆ ನಿಜಾಮ, ರಜಾಕಾರರು ಅಂತ ಎರಡು ಪದ ಹೇಳಿ ಎಲ್ಲರೂ ಸುಮ್ಮನಾಗ್ತಾರೆ. ಈ ಎರಡನೇ ಪದವನ್ನ ಈಗ ಬೈಗುಳ ಮಾಡ್ಕೊಂಡು ಒಂದು ಇಡೀ ಸಮುದಾಯದ ಮೇಲೆ ಎಸೆಯೋದೂ ಉಂಟು. ಹಾಗಾಗಿ ರಜಾಕಾರರ ನಾಯಕನಾಗಿದ್ದ ಮನುಷ್ಯ ಯಾರು, ಅವನ ಪಕ್ಷ ಹೇಗೆ ಬೆಳೀತು, ಹೇಗೆ ಮುಗೀತು ಅಂತ ಒಮ್ಮೆ ಕೂತು ಬರೆಯಬೇಕು ಅನ್ನಿಸ್ತು.

ಮೊದಲು ರಾಜ್ಯದ ಬಗ್ಗೆ. ಹೈದರಾಬಾದ್ ಸಂಸ್ಥಾನದಲ್ಲಿ ಒಂದೂವರೆ ಕೋಟಿಗೂ ಮೀರಿ ಜನ ಇದ್ದರು. ತೆಲುಗು, ಮರಾಠಿ, ಕನ್ನಡ, ಮೂರೂ ಸೀಮೆ ಅದರಲ್ಲಿ ಸೇರಿದ್ದವು. ಕನ್ನಡದ ಪಾಲಿಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಜನರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಹಿಂದೂಗಳು, ಆದರೆ ದೊಡ್ಡ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಕಚೇರಿ, ಕೋರ್ಟು, ಕಾಲೇಜು ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗನ್ನೂ ಉರ್ದುವಿನಲ್ಲೇ ಕಲಿಸ್ತಿದ್ದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಂಗೆ ಇದನ್ನ ಓದಿದಾಗ ಹೊಟ್ಟೆಕಿಚ್ಚಾಯ್ತು. ನಮ್ಮ ದೇಶದ ಭಾಷೆಯಲ್ಲಿ ಟೆಕ್ನಿಕಲ್ ಸಬ್ಜೆಕ್ಟ್ ಕಲಿಸೋಕೆ ಆಗುತ್ತೆ ಅಂತ ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದರು. ಆದರೆ ರಾಯಚೂರಿನ ಕನ್ನಡದ ಹುಡುಗನಿಗೆ ಅದೂ ಪರಭಾಷೆಯೇ ಆಗಿತ್ತು.

ಈ ರಾಜ್ಯದಲ್ಲಿ 1927ರಲ್ಲಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಹುಟ್ಟಿತು. ಜನ ಇತ್ತೆಹಾದ್ ಅಂತ ಕರೀತಿದ್ದರು. ಶುರುವಿನಲ್ಲಿ ಅದು ಧರ್ಮ, ಸಮಾಜದ ಕೆಲಸಗಳ ಸಂಸ್ಥೆ. 1938ರ ಹೊತ್ತಿಗೆ ಬಹಾದೂರ್ ಯಾರ್ ಜಂಗ್ ಅಧ್ಯಕ್ಷನಾದ ಮೇಲೆ ಪೂರ್ತಿ ರಾಜಕೀಯಕ್ಕೆ ತಿರುಗಿತು. ಅವನು ದೊಡ್ಡ ಮಾತುಗಾರ. ಅವನ ಕಾಲದಲ್ಲಿ ಪಕ್ಷ ಒಂದು ವಿಚಿತ್ರ ಸಿದ್ಧಾಂತ ಕಟ್ಟಿತು. ರಾಜ್ಯದ ಒಡೆತನ ನಿಜಾಮನೊಬ್ಬನದಲ್ಲ, ಸಂಸ್ಥಾನದ ಪ್ರತಿಯೊಬ್ಬ ಮುಸ್ಲಿಮನೂ ಅದರಲ್ಲಿ ಪಾಲುದಾರ ದೊರೆ, ನಿಜಾಮ ಅದರ ಗುರುತು ಮಾತ್ರ ಅಂತ. ಅಂದ್ರೆ ಒಬ್ಬ ಹುಟ್ಟಿನಿಂದಲೇ ಆಳುವವನು, ಇನ್ನೊಬ್ಬ ಹುಟ್ಟಿನಿಂದಲೇ ಆಳಿಸಿಕೊಳ್ಳುವವನು. ದಕ್ಷಿಣ ಆಫ್ರಿಕಾದಲ್ಲಿ 1948ರಲ್ಲೇ ಅಧಿಕಾರಕ್ಕೆ ಬಂದ ನ್ಯಾಷನಲ್ ಪಾರ್ಟಿ ಚರ್ಮದ ಬಣ್ಣ ನೋಡಿ ಹೇಳಿದ್ದನ್ನ ಇವರು ಧರ್ಮ ನೋಡಿ ಹೇಳಿದರು.

ಟಾಂಗಾ ಹೊಡೆಯೋ ಬಡವನಿಗೆ, ನೇಕಾರನಿಗೆ, ಚಪರಾಸಿಗೆ ಈ ಸಿದ್ಧಾಂತದಿಂದ ಒಂದು ಎಕರೆ ಜಮೀನೂ ಸಿಗಲಿಲ್ಲ. ಜಮೀನೆಲ್ಲ ಜಹಗೀರದಾರರು, ದೇಶಮುಖರ ಕೈಲಿತ್ತು, ಅವರಲ್ಲಿ ಹಿಂದೂಗಳೂ ಬೇಕಾದಷ್ಟಿದ್ದರು. ಬಡ ಮುಸ್ಲಿಮನಿಗೆ ಸಿಕ್ಕಿದ್ದು ದೊರೆ ಅನ್ನೋ ಬಿರುದು ಮಾತ್ರ.

1944ರಲ್ಲಿ ಬಹಾದೂರ್ ಯಾರ್ ಜಂಗ್ ಇದ್ದಕ್ಕಿದ್ದಂತೆ ತೀರಿಕೊಂಡ. ಎರಡು ವರ್ಷ ಬಿಟ್ಟು 1946ರಲ್ಲಿ ಆ ಕುರ್ಚಿಗೆ ಬಂದವನು ಸೈಯದ್ ಖಾಸಿಂ ರಜ್ವಿ. 1902ರಲ್ಲಿ ಹುಟ್ಟಿದವನು, ಅಲಿಗಢದಲ್ಲಿ ಕಾನೂನು ಓದಿ ಉಸ್ಮಾನಾಬಾದ್ ಜಿಲ್ಲೆಯ ಲಾತೂರಿನಲ್ಲಿ ವಕೀಲಿಕೆ ಮಾಡ್ತಿದ್ದ. ರಾಜಧಾನಿಯ ನವಾಬರ ಮನೆತನದವನಲ್ಲ, ಸಣ್ಣ ಊರಿನ ಸಣ್ಣ ವಕೀಲ. ಫೋಟೋಗಳಲ್ಲಿ ಗಡ್ಡ, ಟೋಪಿ, ತೀಕ್ಷ್ಣ ಕಣ್ಣು ಎದ್ದು ಕಾಣುತ್ತೆ. ಅವನ ಬಂಡವಾಳವೆಲ್ಲ ನಾಲಿಗೆಯಲ್ಲೇ ಇತ್ತು. ದೆಹಲಿಯ ಕೆಂಪುಕೋಟೆ ಮೇಲೆ ನಿಜಾಮನ ಬಾವುಟ ಹಾರಿಸ್ತೀವಿ, ಬಂಗಾಳ ಕೊಲ್ಲಿಯ ಅಲೆಗಳು ನಿಜಾಮನ ಪಾದ ತೊಳೀತಾವೆ ಅಂತೆಲ್ಲ ಭಾಷಣ ಬಿಗಿಯುತ್ತಿದ್ದ. ಹೈದರಾಬಾದಿಗೆ ಸಮುದ್ರವೇ ಇರಲಿಲ್ಲ ಅನ್ನೋದು ಕೇಳುವವರಿಗೂ ಗೊತ್ತಿತ್ತು.

1947ರಲ್ಲಿ ಬ್ರಿಟಿಷರು ಹೊರಟಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಯಾವ ಕಡೆಗೂ ಸೇರಲಿಲ್ಲ. ಅಕ್ಟೋಬರ್ ಕೊನೆಗೆ ಭಾರತದ ಜೊತೆ ಒಪ್ಪಂದ ಮಾಡ್ಕೊಳ್ಳೋಕೆ ಅವನ ನಿಯೋಗ ದೆಹಲಿಗೆ ಹೊರಡಬೇಕಿತ್ತು. 27ರ ಬೆಳಗಿನ ಜಾವ ರಜ್ವಿಯ ಕಡೆಯ ಸಾವಿರಾರು ಜನ ನಿಯೋಗದವರ ಮನೆಗಳನ್ನ ಸುತ್ತುಗಟ್ಟಿದರು. ಪ್ರಧಾನಿಯಾಗಿದ್ದ ಛತ್ತಾರಿ ನವಾಬ ಕೆಳಗಿಳಿದ. ನಿಜಾಮ ಮಾತು ಬದಲಿಸಿದ. ಮುಂದೆ ಉದ್ಯಮಿ ಮೀರ್ ಲಾಯಕ್ ಅಲಿ ಪ್ರಧಾನಿಯಾದ, ಅವನು ಇತ್ತೆಹಾದ್‌ಗೆ ಒಪ್ಪಿಗೆಯಾದವನು. ನವೆಂಬರ್ 29ಕ್ಕೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು ನಿಜ, ಆದರೆ ಆ ದಿನದಿಂದ ರಾಜ್ಯ ಯಾರ ಕೈಲಿದೆ ಅನ್ನೋದು ಎಲ್ಲರಿಗೂ ಅರ್ಥವಾಗಿತ್ತು. ಚುನಾವಣೆ ಇಲ್ಲ, ಹುದ್ದೆ ಇಲ್ಲ, ಬರೀ ಜನ ಸೇರಿಸಿ ಒಬ್ಬ ವಕೀಲ ದೊರೆಯನ್ನೇ ಹೆದರಿಸಿದ್ದ.

ರಜಾಕಾರ ಅಂದ್ರೆ ಸ್ವಯಂಸೇವಕ ಅಂತ ಅರ್ಥ, ಅಷ್ಟೇ. ಪಕ್ಷದ ಈ ದಳದಲ್ಲಿ ಎರಡು ಲಕ್ಷ ಜನ ಇದ್ದಾರೆ ಅನ್ನೋ ಲೆಕ್ಕ ಆಗ ಓಡಾಡ್ತಿತ್ತು. ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರಿ ವಿಮಾನದಲ್ಲಿ ಶಸ್ತ್ರ ತಂದು ಇಳಿಸ್ತಿದ್ದ, ಆದರೆ ಹಳ್ಳಿಯ ರಜಾಕಾರನ ಕೈಲಿದ್ದದ್ದು ಹೆಚ್ಚಾಗಿ ಭರ್ಚಿ, ಕತ್ತಿ, ಹಳೇ ಬಂದೂಕು. ಎದುರಿಗೆ ನಿಂತವರ ಹತ್ತಿರ ಅಷ್ಟೂ ಇರಲಿಲ್ಲ. ಊರು ಲೂಟಿ, ಬೆಂಕಿ, ಕೊಲೆ, ಹೆಂಗಸರ ಮೇಲೆ ಅತ್ಯಾಚಾರ ನಡೆದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಆದ ಹತ್ಯಾಕಾಂಡವನ್ನ ಆ ಊರು ಇವತ್ತಿಗೂ ಮರೆತಿಲ್ಲ.

ನಮ್ಮ ಸೀಮೆ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹುಲಗೂರಿನಿಂದ ಮೂಡಲಕ್ಕೆ ಲಕ್ಷ್ಮೇಶ್ವರ ದಾಟಿ ಹೋದರೆ ಮುಂಡರಗಿ, ಅದರಾಚೆ ಕೊಪ್ಪಳ ನಿಜಾಮನ ರಾಜ್ಯ. ಗಡಿ ದಾಟಿ ಓಡಿಬಂದ ಕುಟುಂಬಗಳಿಗೆ ಗದಗ, ಮುಂಡರಗಿ, ಗಜೇಂದ್ರಗಡ ಆಸರೆಯಾದವು. ಮುಂಡರಗಿಯ ಶಿಬಿರವನ್ನ ಅಳವಂಡಿ ಶಿವಮೂರ್ತಿ ಸ್ವಾಮಿಗಳು ನಡೆಸಿದರು, ಅಲ್ಲಿನ ಹುಡುಗರು ರಾತ್ರಿ ಗಡಿ ದಾಟಿ ನಿಜಾಮನ ಠಾಣೆಗಳ ಮೇಲೆ ದಾಳಿ ಮಾಡಿ ಬರ್ತಿದ್ದರು. ಹುಲಗೂರಿನ ಹಜರತ್ ಖಾದರ್ ಶಾ ವಲಿ ದರ್ಗಾಕ್ಕೆ ಆಗಲೂ ಈಗಲೂ ಎರಡೂ ಕಡೆಯವರು ಬರ್ತಾರೆ. ಇಲ್ಲಿ ಹರಕೆ ಹೊತ್ತ ತಂದೆತಾಯಿಗೆ ಹುಟ್ಟಿದ ಮಗನೇ ಶಿಶುನಾಳ ಶರೀಫ ಸಾಹೇಬರು ಅಂತ ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಅವರ ಗುರು ಗೋವಿಂದ ಭಟ್ಟರು. ಆಳುವವನು, ಆಳಿಸಿಕೊಳ್ಳುವವನು ಅಂತ ಜನರನ್ನ ಸೀಳೋ ರಜ್ವಿಯ ಲೆಕ್ಕದಲ್ಲಿ ಈ ಗುರು-ಶಿಷ್ಯರನ್ನ ಎಲ್ಲಿ ಇಡೋದು?

ರಜ್ವಿಯ ಲೆಕ್ಕ ಒಪ್ಪದ ಮುಸ್ಲಿಮರು ಹೈದರಾಬಾದಿನಲ್ಲೇ ಇದ್ದರು. 1948ರ ಆಗಸ್ಟ್‌ನಲ್ಲಿ ಏಳು ಜನ ಮುಸ್ಲಿಂ ಗಣ್ಯರು ರಜಾಕಾರರನ್ನ ನಿಲ್ಲಿಸಿ, ಭಾರತಕ್ಕೆ ಸೇರಿ ಅಂತ ಹೇಳಿಕೆ ಕೊಟ್ಟರು. ಇಮ್ರೋಜ್ ಅನ್ನೋ ಉರ್ದು ಪತ್ರಿಕೆಯ ಸಂಪಾದಕ ಶೋಯೇಬುಲ್ಲಾ ಖಾನ್ ಅದನ್ನ ಅಚ್ಚು ಹಾಕಿದ. ವಯಸ್ಸು ಇನ್ನೂ ಮೂವತ್ತು ಆಗಿರಲಿಲ್ಲ. ತಿಂಗಳು ಮುಗಿಯೋದರೊಳಗೆ ಒಂದು ರಾತ್ರಿ ಆಫೀಸಿನಿಂದ ಮನೆಗೆ ಹೋಗುವಾಗ ಅವನನ್ನ ಕೊಂದರು, ಬರೆಯೋ ಕೈಯನ್ನೂ ಕತ್ತರಿಸಿದರು. ನಂಗೆ ಈ ಇಡೀ ಕಥೆಯಲ್ಲಿ ರಜ್ವಿಗಿಂತ ದೊಡ್ಡ ಮನುಷ್ಯ ಇವನೇ. ಆದ್ರೆ ರಜ್ವಿಯ ಹೆಸರು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೂ ಇವನ ಹೆಸರು ಗೊತ್ತಿರಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. ಮುಖ್ಯ ದಂಡು ಸೊಲ್ಲಾಪುರದಿಂದ, ಹೊಸಪೇಟೆ ಕಡೆಯಿಂದಲೂ ಒಂದು ತುಕಡಿ. ಟ್ಯಾಂಕಿನ ಎದುರು ಭರ್ಚಿ ಹಿಡಿದವನು ಎಷ್ಟು ಹೊತ್ತು ನಿಲ್ತಾನೆ? 17ಕ್ಕೆ ನಿಜಾಮ ಕದನ ನಿಲ್ಲಿಸಿದ, 18ಕ್ಕೆ ಸೈನ್ಯ ಶರಣಾಯಿತು. ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ರಜಾಕಾರರು ಸತ್ತಿದ್ದರು. ಇಪ್ಪತ್ತು ವರ್ಷ ಬೆಳೆದ ಪಕ್ಷ ಐದು ದಿನದಲ್ಲಿ ಕುಸಿದು ಬಿತ್ತು. ನಿಜಾಮ ತನ್ನ ಸ್ಥಾನ ಉಳಿಸ್ಕೊಂಡು ಮುಂದೆ ರಾಜಪ್ರಮುಖನೂ ಆದ.

ಬಿಲ್ಲು ಕಟ್ಟಿದವರು ಬೇರೆ. ಸೈನ್ಯ ಬಂದ ಮೇಲಿನ ವಾರಗಳಲ್ಲಿ ಸೇಡಿನ ಹೆಸರಲ್ಲಿ ಮುಸ್ಲಿಮರ ಕೊಲೆ, ಲೂಟಿ ನಡೀತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಊರೂರು ಸುತ್ತಿ, ಸತ್ತವರು 27,000ದಿಂದ 40,000 ಇರಬಹುದು ಅಂತ ಅಂದಾಜು ಕೊಟ್ಟಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ ಎರಡೂ ಇವೆ. ಇವರಲ್ಲಿ ಎಷ್ಟೋ ಜನ ರಜಾಕಾರರಾಗಿರಲೇ ಇಲ್ಲ. ಆ ವರದಿಯನ್ನ ದಶಕಗಟ್ಟಲೆ ಬಚ್ಚಿಟ್ಟರು. ಗೋರಟಾ ಬಗ್ಗೆ ಮಾತಾಡುವವರು ಇದನ್ನ ಬಿಡ್ತಾರೆ, ಇದರ ಬಗ್ಗೆ ಮಾತಾಡುವವರು ಗೋರಟಾ ಬಿಡ್ತಾರೆ. ಎರಡೂ ಒಂದೇ ವರ್ಷದಲ್ಲಿ, ಒಂದೇ ಜಿಲ್ಲೆಯಲ್ಲಿ ಆಗಿದ್ದು.

ರಜ್ವಿ ಕೆಲವೇ ದಿನದಲ್ಲಿ ಸಿಕ್ಕಿಬಿದ್ದ. ಶೋಯೇಬುಲ್ಲಾ ಖಾನ್ ಕೊಲೆಯ ಕೇಸೂ ಅವನ ಮೇಲಿತ್ತು, ಬೀಬಿನಗರದ ದರೋಡೆ ಕೇಸೂ ಇತ್ತು. ಕೊನೆಗೆ ಏಳು ವರ್ಷ ಶಿಕ್ಷೆ ನಿಂತದ್ದು ದರೋಡೆ ಕೇಸಿನಲ್ಲಿ. ಗೃಹಬಂಧನದಲ್ಲಿದ್ದ ಲಾಯಕ್ ಅಲಿ 1950ರಲ್ಲೇ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದ್ದ. ರಜ್ವಿ ಪುಣೆಯ ಯರವಡಾ ಜೈಲಿನಲ್ಲಿದ್ದಾಗಲೇ ಹೈದರಾಬಾದ್ ರಾಜ್ಯವೇ ನಕ್ಷೆಯಿಂದ ಅಳಿಸಿಹೋಯ್ತು. 1956ರ ನವೆಂಬರ್ 1ಕ್ಕೆ ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು, ನಮ್ಮ ಧಾರವಾಡವೂ ಅದೇ ದಿನ ಬಂತು. ಆ ಮೂರು ಜಿಲ್ಲೆಗಳು ಶಾಲೆ, ರಸ್ತೆ, ನೀರಾವರಿ ಎಲ್ಲದರಲ್ಲೂ ಹಿಂದೆ ಉಳಿದೇ ಬಂದವು. 371(ಜೆ) ಸಿಕ್ಕಿದ್ದು 2012ರ ಸಂವಿಧಾನ ತಿದ್ದುಪಡಿಯಲ್ಲಿ.

1957ರಲ್ಲಿ ದೇಶ ಬಿಡಬೇಕು ಅನ್ನೋ ಷರತ್ತಿನ ಮೇಲೆ ರಜ್ವಿ ಬಿಡುಗಡೆಯಾದ. ಹೈದರಾಬಾದಿಗೆ ಬಂದು, ಉಳಿದಿದ್ದ ಕೆಲವರನ್ನ ಕರೆಸಿ, ಪಕ್ಷವನ್ನ ಅಬ್ದುಲ್ ವಾಹಿದ್ ಓವೈಸಿ ಅನ್ನೋ ವಕೀಲರ ಕೈಗೆ ಕೊಟ್ಟ. ಅವರು ಭಾರತದ ಸಂವಿಧಾನಕ್ಕೆ ಒಪ್ಪಿ ಅದಕ್ಕೆ ಬೇರೆ ದಾರಿ ಹಿಡಿಸಿದರು, ಅದು ಬೇರೆಯೇ ಕಥೆ. ರಜ್ವಿ ಪಾಕಿಸ್ತಾನಕ್ಕೆ ಹೋದ. ಅವನ ಮಾತು ನಂಬಿ ಕತ್ತಿ ಹಿಡಿದವರೂ, ಹಿಡಿಯದೆ ಪೆಟ್ಟು ತಿಂದವರೂ ಬೀದರ್, ಗುಲ್ಬರ್ಗದ ಹಳ್ಳಿಗಳಲ್ಲೇ ಉಳಿದರು. ಕರಾಚಿಯಲ್ಲಿ ಅವನ ಭಾಷಣ ಕೇಳೋಕೆ ಯಾರೂ ಇರಲಿಲ್ಲ. 1970ರ ಜನವರಿಯಲ್ಲಿ ಅಲ್ಲೇ ಸತ್ತ.