ಅಂಬೇಡ್ಕರ್ ಮತ್ತು ಕಾರ್ಮಿಕರ ಆರೋಗ್ಯ ವಿಮೆ: ರಾಬಿಗ್‌ನಿಂದ ಒಂದು ನೆನಪು

ರಾಬಿಗ್‌ನಲ್ಲಿರುವ ನಮಗೆ ಸಂಜೆ ಹೊತ್ತು ಹೋಗಿ ಕೂರೋಕೆ ಇರೋದು ಒಂದೇ ಜಾಗ, ಕೆಂಪು ಸಮುದ್ರದ ದಂಡೆ. ಒಂದು ಕಡೆ ರಿಫೈನರಿಯ ದೀಪಗಳು, ಇನ್ನೊಂದು ಕಡೆ ದೂರದಲ್ಲಿ ಹಡಗುಗಳು. ಆ ಕಾಲದಲ್ಲಿ ಬೊಂಬಾಯಿಯಿಂದ ಸೂಯೆಜ್ ಮೂಲಕ ಯುರೋಪಿಗೆ ಹೋಗುವ ಹಡಗುಗಳೆಲ್ಲ ಇದೇ ನೀರಿನ ಮೇಲೆ ಸಾಗಬೇಕಿತ್ತು. 1913ರಲ್ಲಿ ಹಾಗೆ ಹೊರಟವರಲ್ಲಿ 22 ವರ್ಷದ ಒಬ್ಬ ವಿದ್ಯಾರ್ಥಿಯೂ ಇದ್ದರು. ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟಿದ್ದ ಭೀಮರಾವ್ ಅಂಬೇಡ್ಕರ್ ಅವರು. ನಮಗಿಂತ ಎರಡು ವರ್ಷ ಚಿಕ್ಕವರು!

ಸಂವಿಧಾನದ ಅಂಬೇಡ್ಕರ್ ನಮಗೆಲ್ಲ ಗೊತ್ತು. ಭಾರತದ ಕಾರ್ಮಿಕರಿಗೆ ಆರೋಗ್ಯ ವಿಮೆ ಬರಲು ದಾರಿ ಮಾಡಿದ ಅಂಬೇಡ್ಕರ್ ಬಗ್ಗೆ ನಾವು ಇಂಜಿನಿಯರಿಂಗ್ ಓದಿದವರು ಕೇಳಿದ್ದು ಕಡಿಮೆ. ಈ ಲೇಖನ ಅವರ ಬದುಕಿನ ಆ ಭಾಗದ ಬಗ್ಗೆ.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರರು. ತಾಯಿ ತೀರಿಕೊಂಡಾಗ ಅವರಿನ್ನೂ ಪುಟ್ಟ ಹುಡುಗ. ಅಮೆರಿಕಕ್ಕೆ ಹೊರಡುವ ಕೆಲವೇ ತಿಂಗಳ ಮೊದಲು ತಂದೆಯೂ ಹೋದರು. ಅವರಿಗೂ ರಮಾಬಾಯಿಯವರಿಗೂ ಹುಟ್ಟಿದ ಐವರು ಮಕ್ಕಳಲ್ಲಿ ನಾಲ್ವರು ಚಿಕ್ಕವರಿದ್ದಾಗಲೇ ತೀರಿಕೊಂಡರು. ದೀರ್ಘ ಕಾಯಿಲೆಯ ನಂತರ 1935ರಲ್ಲಿ ರಮಾಬಾಯಿಯವರೂ ಇಲ್ಲವಾದರು. ಬಡವರ ಮನೆಗೆ ಕಾಯಿಲೆ ಬಂದರೆ ಏನಾಗುತ್ತೆ ಅನ್ನೋದನ್ನ ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1920ರಿಂದ 1923ರವರೆಗೆ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ವಿಲಿಯಂ ಬೆವರಿಜ್. ಬ್ರಿಟನ್ನಿನ ಸಾಮಾಜಿಕ ಭದ್ರತೆಗೆ ಬುನಾದಿಯಾದ 1942ರ ವರದಿ ಬರೆದವರು ಇವರೇ. ಅದೇ 1942ರಲ್ಲಿ ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಗೆ ಸೇರಿದರು. 1946ರವರೆಗೆ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಆ ಅವಧಿಯಲ್ಲಿ, 1943ರಲ್ಲಿ, ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆಯ ಯೋಜನೆ ತಯಾರಿಸುವ ಕೆಲಸವನ್ನು ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರಿಗೆ ವಹಿಸಲಾಯಿತು. 1944ರ ಆಗಸ್ಟ್‌ನಲ್ಲಿ ವರದಿ ಬಂತು. ಲೆಕ್ಕ ಸರಳ: ಕಾರ್ಮಿಕ ಸಂಬಳದಲ್ಲಿ ಸ್ವಲ್ಪ ಕೊಡಬೇಕು, ಮಾಲೀಕ ಅದಕ್ಕಿಂತ ಹೆಚ್ಚು ಕೊಡಬೇಕು, ಒಬ್ಬನ ಕಾಯಿಲೆಯ ಹೊರೆಯನ್ನ ಎಲ್ಲರೂ ಹೊರಬೇಕು. ಇಷ್ಟ ಇದ್ದರೆ ಸೇರಿ ಅನ್ನೋ ಹಾಗಿಲ್ಲ, ಕಡ್ಡಾಯ. ಜರ್ಮನಿಯಲ್ಲಿ ಇಂಥದ್ದು 1883ರಲ್ಲೇ ಬಂದಿತ್ತು.

ಮಸೂದೆ ಕಾಯಿದೆಯಾಗುವಷ್ಟರಲ್ಲಿ ಕಾರ್ಮಿಕ ಖಾತೆ ಜಗಜೀವನ್ ರಾಮ್ ಅವರಿಗೆ ಬಂದಿತ್ತು. ಅಂಬೇಡ್ಕರ್ ಕಾನೂನು ಮಂತ್ರಿ. 1948ರ ಏಪ್ರಿಲ್ 19ರಂದು ಇಎಸ್‌ಐ ಕಾಯಿದೆಗೆ ಅಂಕಿತ ಬಿತ್ತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ, 1958ರಲ್ಲಿ ಬೆಂಗಳೂರಿನಲ್ಲಿ ಯೋಜನೆ ಶುರುವಾಯಿತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಮುಂದೆ ಬಸ್ಸಿಗೆ ಕಾದವರು ನಮ್ಮಲ್ಲೂ ಇದ್ದಾರೆ. ಅದರ ಹಿಂದೆ ಇಷ್ಟು ಕಥೆ ಇದೆ ಅಂತ ನಮಗೆ ಗೊತ್ತಿರಲಿಲ್ಲ.

ಆ ಏಪ್ರಿಲ್ 19ಕ್ಕೆ ನಾಲ್ಕು ದಿನ ಮೊದಲು, ಏಪ್ರಿಲ್ 15ರಂದು, ಅಂಬೇಡ್ಕರ್ ಅವರ ಮನೆಯಲ್ಲೂ ಒಂದು ಘಟನೆ ನಡೆದಿತ್ತು. ಆ ಹೊತ್ತಿಗೆ ಅವರಿಗೆ ಸಕ್ಕರೆ ಕಾಯಿಲೆ ಜೋರಾಗಿತ್ತು. ಕಾಲುಗಳ ನರದ ನೋವಿನಿಂದ ನಿದ್ದೆ ಬರುತ್ತಿರಲಿಲ್ಲ. ದಿನಾ ನೋಡಿಕೊಳ್ಳುವವರು ಬೇಕಿತ್ತು. ಅಂದು ಅವರು ಡಾಕ್ಟರ್ ಶಾರದಾ ಕಬೀರ್ ಅವರನ್ನು ಮದುವೆಯಾದರು. ಆಮೇಲೆ ಸವಿತಾ ಅಂಬೇಡ್ಕರ್ ಆದ ಅವರು ಎಂಟೂವರೆ ವರ್ಷ ಗಂಡನ ಔಷಧ, ಊಟ, ನಿದ್ದೆ ಎಲ್ಲ ನೋಡಿಕೊಂಡರು. ಸಂವಿಧಾನದ ಕೆಲಸ ನಡೆದದ್ದು ಆ ಆರೈಕೆಯ ನಡುವೆಯೇ. 1956ರ ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡಾಗ ಕೆಲವರು ಸಂಶಯಪಟ್ಟದ್ದು ಆ ಆರೈಕೆ ಮಾಡಿದವರ ಮೇಲೇ! ವಿಚಾರಣೆಯಲ್ಲಿ ಅವರದ್ದೇನೂ ತಪ್ಪಿಲ್ಲ ಅಂತಾಯಿತು.

ಅಂದರೆ ಒಂದೇ ವಾರದಲ್ಲಿ ಎರಡು ಉತ್ತರ. ದುಡಿಯುವಾಗ ಬರುವ ಕಾಯಿಲೆಗೆ ದೇಶ ಕೊಟ್ಟ ಉತ್ತರ ವಿಮೆ. ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗೆ ಇದ್ದ ಉತ್ತರ ಮಾತ್ರ ಮನೆಯ ಒಬ್ಬ ಹೆಣ್ಣುಮಗಳು.

ಮೊದಲನೇ ಉತ್ತರಕ್ಕೂ ಮಿತಿ ಇದೆ. ಕೋಲಾರದ ಕೆಜಿಎಫ್‌ಗೆ ಅಂಬೇಡ್ಕರ್ 1954ರಲ್ಲಿ ಬಂದಿದ್ದರು. ಆದರೆ ಆಗ ಗಣಿಗಳು ಇಎಸ್‌ಐ ವ್ಯಾಪ್ತಿಯೊಳಗೆ ಬರುತ್ತಿರಲಿಲ್ಲ. ಅಲ್ಲಿನವರಿಗೆ ಗಣಿಯದೇ ಆಸ್ಪತ್ರೆ ಇತ್ತು. 2001ರಲ್ಲಿ ಗಣಿ ಮುಚ್ಚಿತು, ಆಸ್ಪತ್ರೆಯೂ ಹೋಯಿತು. ಕಲ್ಲಿನ ಧೂಳು ಸೇರಿಕೊಂಡ ಶ್ವಾಸಕೋಶ ಮಾತ್ರ ಕಾರ್ಮಿಕರ ಜೊತೆಗೇ ಉಳಿಯಿತು.

ಇಲ್ಲಿ ರಾಬಿಗ್‌ನಲ್ಲೂ ನಾವು ಇದನ್ನೇ ಕಂಡಿದ್ದೇವೆ. ಸೌದಿಯಲ್ಲಿ ಖಾಸಗಿ ಕೆಲಸಕ್ಕೆ ಬಂದವರಿಗೆ ಆರೋಗ್ಯ ವಿಮೆ ಕಡ್ಡಾಯ, ಅದಿಲ್ಲದೆ ಇಕಾಮಾ ನವೀಕರಣ ಆಗಲ್ಲ. ನಮಗೆ ಪರಿಚಯದ ಕರಾವಳಿ ಕಡೆಯ ಒಬ್ಬ ಅಣ್ಣನಿಗೆ ಲಕ್ವ ಹೊಡೆದಾಗ ಆಸ್ಪತ್ರೆ ಬಿಲ್ ವಿಮೆಯೇ ಕಟ್ಟಿತು. ಅದು ದೊಡ್ಡ ಉಪಕಾರ. ಆದರೆ ಕೆಲಸ ಹೋಯಿತು, ಇಕಾಮಾ ಹೋಯಿತು, ಕಾರ್ಡೂ ಹೋಯಿತು. ಅವರನ್ನ ವೀಲ್‌ಚೇರ್‌ನಲ್ಲಿ ಜೆಡ್ಡಾ ಏರ್‌ಪೋರ್ಟಿಗೆ ಕರೆದುಕೊಂಡು ಹೋದವರು ನಾವೇ. ಈಗ ಊರಲ್ಲಿ ಅತ್ತಿಗೆ ನೋಡಿಕೊಳ್ತಾರೆ. ಅವರು ಮಾಡುತ್ತಿದ್ದ ಹೊಲಿಗೆ ಕೆಲಸ ನಿಂತಿದೆ.

ಇಂಥ ದೀರ್ಘಕಾಲದ ಆರೈಕೆಗೆಂದೇ ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಪ್ರತ್ಯೇಕ ಕಡ್ಡಾಯ ವಿಮೆ ತಂದವು. ಮನೆಗೆ ಬಂದು ಸ್ನಾನ ಮಾಡಿಸುವ, ಊಟ ಮಾಡಿಸುವ ಕೆಲಸಕ್ಕೂ ಅಲ್ಲಿ ವಿಮೆಯಿಂದ ಸಹಾಯ ಸಿಗುತ್ತೆ. ನಮ್ಮಲ್ಲಿ ಇಎಸ್‌ಐ ಇದೆ, 2018ರಿಂದ ಆಯುಷ್ಮಾನ್ ಭಾರತ್ ಇದೆ. ಎರಡೂ ಮುಖ್ಯವಾಗಿ ಚಿಕಿತ್ಸೆಯ ಖರ್ಚು ನೋಡುತ್ತವೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ವರ್ಷಗಳಿಗೆ ಅಂಥ ರಾಷ್ಟ್ರೀಯ ವಿಮೆ ಇನ್ನೂ ಬಂದಿಲ್ಲ.

ಅಂಬೇಡ್ಕರ್ ಅವರು ತಮ್ಮ ಕಾಲದಲ್ಲಿ ಅರ್ಧ ಕೆಲಸಕ್ಕೆ ದಾರಿ ಮಾಡಿದರು. ಇನ್ನರ್ಧ ನಮ್ಮ ತಲೆಮಾರಿನದ್ದು. ಹೊರದೇಶದಲ್ಲಿರುವ ನಮಗಂತೂ ಇದು ಬರೀ ಸಂಶೋಧನೆಯ ವಿಷಯ ಅಲ್ಲ. ಊರಿಗೆ ಫೋನ್ ಮಾಡಿದಾಗ ಅಜ್ಜಿ ಹೇಗಿದ್ದಾರೆ ಅಂತ ಕೇಳ್ತೇವೆ. ಅಜ್ಜಿಯನ್ನ ನೋಡ್ಕೊಳ್ತಿರೋ ಅಮ್ಮ ಹೇಗಿದ್ದಾರೆ ಅಂತ ಕೇಳೋದು ಮರೀತೇವೆ. ಮುಂದಿನ ಸಲ ಅದನ್ನೂ ಕೇಳೋಣ.