ಚಮಚ, ಮೇಣದಬತ್ತಿ ಮತ್ತು ಡಾಕ್ಟರ್ ಬ್ರೈಟ್

ನಂಜನಗೂಡಲ್ಲೋ ಟಿ. ನರಸೀಪುರದಲ್ಲೋ ಮಗುವಿನ ಮುಖ ಬೆಳಗ್ಗೆ ಊದಿಕೊಂಡ್ರೆ, ನಿದ್ದೆ ಜಾಸ್ತಿಯಾಗಿದೆ ಅಂತ ಸುಮ್ಮನಾಗೋದುಂಟು. ಆಗ ಮೊದಲು ನೋಡಬೇಕಾದ್ದು ಮೂತ್ರ. ಇದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರು ರಿಚರ್ಡ್ ಬ್ರೈಟ್.

1789ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಅವರು ಐಸ್‌ಲ್ಯಾಂಡ್, ಹಂಗೇರಿ ಸುತ್ತಿ ಬಂದವರು. 1820ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆ ಸೇರಿದರು. ಮೈ ಊದಿದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದಬತ್ತಿ ಮೇಲೆ ಕಾಯಿಸುವರು; ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿದರೆ ಅಲ್ಬುಮಿನ್ ಸೋರುತ್ತಿದೆ ಅಂತ ಲೆಕ್ಕ. ರೋಗಿ ಸತ್ತರೆ ಶವ ಕೊಯ್ದು ಕಿಡ್ನಿ ನೋಡುವರು. ಊತ, ಅಲ್ಬುಮಿನ್, ಕೆಟ್ಟ ಕಿಡ್ನಿ, ಮೂರನ್ನೂ ಗಂಟು ಹಾಕಿ 1827ರಲ್ಲಿ ಪುಸ್ತಕ ತಂದರು. 1842ರಲ್ಲಿ ಕಿಡ್ನಿ ರೋಗಿಗಳಿಗೇ ಎರಡು ವಾರ್ಡ್ ಸಿಕ್ಕವು. ವಾಸಿ ಮಾಡೋ ಮದ್ದು ಮಾತ್ರ ಸಿಗಲಿಲ್ಲ.

1858ರಲ್ಲಿ ಬ್ರೈಟ್ ತೀರಿಕೊಂಡರು. ಮಕ್ಕಳ ನೆಫ್ರಾಟಿಕ್ ಸಿಂಡ್ರೋಮ್‌ಗೆ ಸ್ಟೀರಾಯ್ಡ್ ಬಂದದ್ದು 1950ರ ದಶಕದಲ್ಲಿ. ಅಲ್ಬುಮಿನ್ ಜತೆ ಐಜಿಜಿ ಪ್ರತಿಕಾಯಗಳೂ ಸೋರುತ್ತವೆ, ಅದಕ್ಕೇ ಈ ಮಕ್ಕಳಿಗೆ ಸೋಂಕು ಬೇಗ ತಗಲುತ್ತೆ ಅನ್ನೋದೂ ಆಮೇಲೆ ತಿಳಿದದ್ದು. ಐಜಿಜಿ ಅಳೆಯೋಕೆ ಲ್ಯಾಬ್ ಬೇಕು. ಕಾಯಿಲೆ ಮರುಕಳಿಸಿತಾ ಅಂತ ನೋಡೋಕೆ ಮೂತ್ರಕ್ಕೆ ಅದ್ದುವ ಬಣ್ಣದ ಪಟ್ಟಿ ಸಾಕು. ತಾಯಿ ಮನೆಯಲ್ಲೇ ನೋಡಬಹುದು.