ಮಿಂಚಿನ ಮೇಷ್ಟರು

ಹೋದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ದಿನ ತೆಗೆಸಿದ ಗುಂಪುಚಿತ್ರದಲ್ಲಿ ನಾನೊಬ್ಬನೇ ಪಕ್ಕಕ್ಕೆ ನೋಡುತ್ತ ನಿಂತಿದ್ದೇನೆ. ಮಿತ್ರರು ಇದನ್ನು ಕಂಡು ನಕ್ಕದ್ದು ಸಾಕಷ್ಟಾಯಿತು. ಆ ಹೊತ್ತು ನನ್ನ ಗಮನವೆಲ್ಲ ಇದ್ದದ್ದು ಮೂಲೆಯಲ್ಲಿ ನಿಲ್ಲಿಸಿದ್ದ ಎರಡನೆಯ ದೀಪದ ಮೇಲೆ. ಕ್ಯಾಮರಾಕ್ಕೂ ಅದಕ್ಕೂ ನಡುವೆ ತಂತಿಯೇ ಇರಲಿಲ್ಲ; ಆದರೂ ಕ್ಯಾಮರಾದ ದೀಪ ಮಿಂಚಿದೊಡನೆ ಅದೂ ಮಿಂಚುತ್ತಿತ್ತು. ವಿಚಾರಿಸಲಾಗಿ, ಅದಕ್ಕೊಂದು ಕಣ್ಣುಂಟೆಂದೂ ಮೊದಲ ದೀಪದ ಬೆಳಕನ್ನು ಕಂಡ ಕೂಡಲೆ ತಾನೂ ಹೊತ್ತಿಕೊಳ್ಳುವುದೆಂದೂ ಛಾಯಾಗ್ರಾಹಕರು ತಿಳಿಸಿದರು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅಷ್ಟು ಸಾಲಲಿಲ್ಲ. ಈ ವಿದ್ಯೆಯ ಮೂಲವನ್ನು ಹುಡುಕುತ್ತ ಹೋದಾಗ ಪರಿಚಯವಾದವರು ಅಮೆರಿಕದ ಹೆರಾಲ್ಡ್ ಎಡ್ಜರ್ಟನ್.

ಅವರು ಹುಟ್ಟಿದ್ದು 1903ರ ಏಪ್ರಿಲ್ 6ರಂದು, ನೆಬ್ರಾಸ್ಕಾ ಪ್ರಾಂತದ ಫ್ರೀಮಾಂಟ್ ಎಂಬ ಊರಿನಲ್ಲಿ. ಬೆಳೆದದ್ದು ಅದೇ ಪ್ರಾಂತದ ಅರೋರಾದಲ್ಲಿ. ಚಿತ್ರ ತೆಗೆಯುವುದನ್ನು ಚಿಕ್ಕಪ್ರಾಯದಲ್ಲಿಯೇ ಮನೆಯ ಬಂಧುವೊಬ್ಬರಿಂದ ಕಲಿತರು. 1925ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಿಂದ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದು, ಮುಂದೆ ಮ್ಯಾಸಚೂಸೆಟ್ಸಿನ ಎಂ.ಐ.ಟಿ.ಯನ್ನು ಸೇರಿದರು, ಕೊನೆಯವರೆಗೂ ಆ ವಿದ್ಯಾಸಂಸ್ಥೆಯನ್ನು ಬಿಡಲಿಲ್ಲ.

ಅಲ್ಲಿ ಅವರನ್ನು ಕಾಡಿದ ಪ್ರಶ್ನೆ ಛಾಯಾಚಿತ್ರದ್ದಲ್ಲ, ಮೋಟಾರಿನದು. ವೇಗವಾಗಿ ತಿರುಗುವ ಮೋಟಾರಿನ ಮೇಲೆ ಒಮ್ಮೆಲೆ ಭಾರ ಬಿದ್ದರೆ ಅದರ ಒಳಭಾಗ ಹೇಗೆ ತೊನೆಯುತ್ತದೆ? ಕಣ್ಣಿಗೆ ಕಾಣುವುದು ಬರಿಯ ಮಸುಕು. ಆದರೆ ತಿರುಗುವ ವೇಗಕ್ಕೆ ಸರಿಯಾಗಿ ದೀಪವನ್ನು ಮಿಂಚಿಸಿದರೆ, ಪ್ರತಿ ಸುತ್ತಿನಲ್ಲಿಯೂ ಯಂತ್ರ ಅದೇ ಸ್ಥಾನಕ್ಕೆ ಬಂದಾಗಲೇ ಬೆಳಕು ಬೀಳುವುದರಿಂದ, ಅದು ನಿಂತಂತೆ ತೋರುತ್ತದೆ. ಇದಕ್ಕೆ ಅವರು ಪಾದರಸದ ಆವಿ ತುಂಬಿದ ಕೊಳವೆಯನ್ನು ಬಳಸಿದರು. ಆಮೇಲೆ ಕ್ಸೆನಾನ್ ಅನಿಲ ಬಂದಿತು. ಕೆಪಾಸಿಟರಿನಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಂಡು, ಒಂದು ಸಣ್ಣ ವಿದ್ಯುದಾಘಾತದಿಂದ ಕೊಳವೆಯ ಅನಿಲವನ್ನು ಎಚ್ಚರಗೊಳಿಸಿದರೆ, ಕೂಡಿಟ್ಟದ್ದೆಲ್ಲ ಒಂದೇ ಏಟಿಗೆ ಹರಿದು ಬೆಳಕಾಗುತ್ತದೆ. ಕೆರೆಯ ತೂಬನ್ನು ಒಮ್ಮೆಲೆ ಎತ್ತಿದ ಹಾಗೆ.

ತೂಬನ್ನು ಎತ್ತುವವರು ಯಾರು ಎಂಬಲ್ಲಿಯೇ ಎಡ್ಜರ್ಟನ್ನರ ಹೆಚ್ಚುಗಾರಿಕೆ ಇರುವುದೆಂದು ನನ್ನ ಎಣಿಕೆ. ಮನುಷ್ಯನ ಕೈ ಬಲು ನಿಧಾನ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಬಂದೂಕಿನ ಗುಂಡು ನೂರಾರು ಅಡಿ ದಾಟಿರುತ್ತದೆ. ಆದುದರಿಂದ ಅವರು ಆ ಕೆಲಸವನ್ನು ಘಟನೆಗೇ ಒಪ್ಪಿಸಿದರು. ಹಾಲಿನ ಹನಿ ಬೀಳುತ್ತ ಒಂದು ಬೆಳಕಿನ ಕಿರಣವನ್ನು ಅಡ್ಡಗಟ್ಟಿತೆಂದರೆ ವಿದ್ಯುತ್‌ಕಣ್ಣಿಗೆ ಸುದ್ದಿ ಮುಟ್ಟಿ, ಲೆಕ್ಕ ಹಾಕಿದಷ್ಟು ತಡೆದು, ದೀಪ ಮಿಂಚುವುದು. ಹಾಲು ಚಿಮ್ಮಿ ಕಿರೀಟವಾದ ಚಿತ್ರಕ್ಕಾಗಿ ಅವರು ವರ್ಷಗಟ್ಟಲೆ ಹನಿ ಬೀಳಿಸಿದರು. ಜಗತ್ತೆಲ್ಲ ಬಲ್ಲ ವರ್ಣಚಿತ್ರ 1957ರದು. 1964ರಲ್ಲಿ ಸೇಬಿನ ಹಣ್ಣನ್ನು ತೂರಿ ಹೋಗುವ ಗುಂಡನ್ನು ಹಿಡಿದಾಗ ದೀಪವನ್ನು ಕರೆದದ್ದು ಸದ್ದು. ಮೈಕನ್ನು ಒಂದಡಿ ಹಿಂದೆ ಸರಿಸಿದರೆ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ತಡವಾಗುತ್ತದೆ. ಇಂಥ ಸೂಕ್ಷ್ಮಕ್ಕೆ ಇಷ್ಟು ಒರಟು ಸಾಧನ ಸಾಕಾಯಿತಲ್ಲ ಎಂದು ನಾನು ಬೆರಗಾದೆ. ಗ್ಯೋನ್ ಮಿಲಿ ಎಂಬ ಛಾಯಾಗ್ರಾಹಕರು ಅವರಿಂದ ಈ ವಿದ್ಯೆಯನ್ನು ಪಡೆದು, ಹಲವು ದೀಪಗಳನ್ನು ಒಂದಕ್ಕೊಂದು ಹೊಂದಿಸಿ, ನರ್ತಕರ ಚಿತ್ರಗಳನ್ನು ಲೈಫ್ ಪತ್ರಿಕೆಗೆ ತೆಗೆದರು.

ಇಲ್ಲಿಗೆ ನಿಲ್ಲಿಸಿದರೆ ಚರಿತ್ರೆ ಸಿಹಿಯಾಗಿಯೇ ಇರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅವರ ದೀಪ ವಿಮಾನವೇರಿತು. 1944ರಲ್ಲಿ ನಾರ್ಮಂಡಿಯ ದಾಳಿಗೆ ಮುಂಚಿನ ರಾತ್ರಿ, ಕೆಳಗಿನ ನೆಲವನ್ನು ಅದರ ಬೆಳಕಿನಲ್ಲಿ ಚಿತ್ರಿಸಲಾಯಿತು. ಯುದ್ಧಾನಂತರ, 1947ರಲ್ಲಿ, ಜರ್ಮೆಶಾಸೆನ್ ಮತ್ತು ಗ್ರಿಯರ್ ಎಂಬ ತಮ್ಮ ಹಳೆಯ ಶಿಷ್ಯರೊಡನೆ ಅವರು ಕಟ್ಟಿದ ಇ.ಜಿ. ಅಂಡ್ ಜಿ. ಸಂಸ್ಥೆ ಅಮೆರಿಕದ ಅಣುಬಾಂಬು ಪರೀಕ್ಷೆಗಳಿಗೆ ಕಾಲನಿಯಂತ್ರಣದ ಮತ್ತು ಸಿಡಿಸುವ ವ್ಯವಸ್ಥೆಯನ್ನು ಒದಗಿಸಿತು. ದೂರದಿಂದ, ನಿಯತ ಗಳಿಗೆಗೆ, ಒಂದನ್ನು ಇನ್ನೊಂದಕ್ಕೆ ಹೊಂದಿಸಿ ಚಾಲನೆಗೊಳಿಸುವುದು: ಹಾಲಿನ ಹನಿಗೆ ಕಲಿತ ವಿದ್ಯೆಗೆ ಹತ್ತಿರದ ವಿದ್ಯೆಯೇ. ಸ್ಫೋಟದ ಮೊದಲ ಕ್ಷಣಗಳನ್ನು ಹಿಡಿಯಲು ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿದರು. ಒಂದೊಂದೂ ಒಂದೇ ಚಿತ್ರ ತೆಗೆಯುವುದು, ಒಂದರ ಹಿಂದೆ ಇನ್ನೊಂದು. ಆ ಚಿತ್ರಗಳಲ್ಲಿ ಬೆಂಕಿಯ ಉಂಡೆ ಕೊಳೆತ ಹಣ್ಣಿನಂತೆ ಗಂಟುಗಂಟಾಗಿ ಉಬ್ಬಿದೆ. ಹಾಲಿನ ಕಿರೀಟದ ಪಕ್ಕದಲ್ಲಿಟ್ಟು ನೋಡಿದ ಮೇಲೆ ಒಂದೆರಡು ದಿನ ನನಗೆ ಈ ಲೇಖನವನ್ನು ಮುಂದುವರಿಸಲು ಮನಸ್ಸಾಗಲಿಲ್ಲ. ಯಂತ್ರ ನಿರ್ದೋಷಿಯೆಂದು ಹೇಳಿ ನಮ್ಮ ವಿಜ್ಞಾನ ವಿಭಾಗದ ಮಿತ್ರರು ಜಾರಿಕೊಳ್ಳುತ್ತಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಆದರೂ ಅವರನ್ನು ದೂಷಿಸಿ ಪುಟ ಮಗುಚಲೂ ಆಗದು.

ಏಕೆಂದರೆ 1953ರಿಂದ ಇದೇ ವ್ಯಕ್ತಿ ಫ್ರಾನ್ಸಿನ ಕೂಸ್ತೋ ಅವರ ಕ್ಯಾಲಿಪ್ಸೋ ಹಡಗಿನಲ್ಲಿ ಪ್ರಯಾಣ ಮಾಡಿದರು. ಸೂರ್ಯನ ಬೆಳಕು ಮುಟ್ಟದ ಆಳಕ್ಕೆ ಕ್ಯಾಮರಾವನ್ನೂ ದೀಪವನ್ನೂ ಗಟ್ಟಿ ಪೆಟ್ಟಿಗೆಯಲ್ಲಿ ಇಳಿಬಿಟ್ಟರು; ಅಲ್ಲಿ ಬೆರಳೂ ಇಲ್ಲ, ಕಣ್ಣೂ ಇಲ್ಲ, ದೀಪ ತಾನಾಗಿಯೇ ಮಿಂಚಬೇಕು. ನಾವಿಕರು ಅವರನ್ನು ಅಕ್ಕರೆಯಿಂದ ಮಿಂಚಪ್ಪನೆಂದು ಕರೆಯುತ್ತಿದ್ದರಂತೆ. ಶಬ್ದತರಂಗಗಳಿಂದ ಕಡಲತಳವನ್ನು ಶೋಧಿಸುವ ಕಾರ್ಯದಲ್ಲಿಯೂ ತೊಡಗಿ, 1973ರಲ್ಲಿ ಮಾನಿಟರ್ ಎಂಬ ಮುಳುಗಿದ ಯುದ್ಧನೌಕೆಯನ್ನು ಕಂಡುಹಿಡಿದವರ ತಂಡದಲ್ಲಿದ್ದರು.

ನಿವೃತ್ತರಾದ ಮೇಲೂ ಪ್ರಯೋಗಶಾಲೆಗೆ ಬರುವುದನ್ನು ನಿಲ್ಲಿಸಲಿಲ್ಲ. ಬಂದವರ ಕೈಗೆ ತಮ್ಮ ಚಿತ್ರಗಳ ಕಾರ್ಡುಗಳನ್ನು ಹಂಚುವುದು ಅವರ ಅಭ್ಯಾಸ. 1990ರ ಜನವರಿ 4ರಂದು, ಎಂಭತ್ತಾರನೆಯ ವಯಸ್ಸಿನಲ್ಲಿ, ಎಂ.ಐ.ಟಿ.ಯ ಅಧ್ಯಾಪಕರ ಕ್ಲಬ್ಬಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು.